ಒಂದೇ ಟಿಕೆಟು

ಸೊಲ್ಲಾಪುರದಿಂದ ವಿಜಯಪುರಕ್ಕೆ ಹೊರಟವನು ನಿಲ್ದಾಣದ ಕಿಟಕಿಯಲ್ಲಿ ಒಂದು ಟಿಕೆಟು ಕೊಳ್ಳುತ್ತಾನೆ. ದಾರಿಯಲ್ಲಿ ರಾಜ್ಯದ ಗಡಿ ಬಂದು ಹೋಗುತ್ತದೆ. ಟಿಕೆಟಿಗೆ ಅದರ ಪರಿವೆಯಿಲ್ಲ. ಹೀಗೆಯೇ ಓಡಾಡುತ್ತ, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಪಾಠ ಹೇಳಿ ನಿವೃತ್ತರಾದ ಅಕ್ಕಲಕೋಟೆ ಸೀಮೆಯ ಮಾಸ್ತರರೊಬ್ಬರಿಗೆ, ಗಡಿ ದಾಟುವ ರೈಲಿಗೆ ಟಿಕೆಟು ತೆಗೆಯುವುದೂ ಒಂದು ವಿದ್ಯೆಯೆಂದು ತಿಳಿದದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳ ಮನೆಯಲ್ಲಿ.

ಮಾಸ್ತರರಿಗೆ ಇಟಲಿಯ ಬೊಲ್ಜಾನೊ ನೋಡುವ ಹಂಬಲ. ಆಸ್ಟ್ರಿಯಾಕ್ಕೆ ಸೇರಿದ್ದ ಆ ಸೀಮೆ ಮೊದಲ ಮಹಾಯುದ್ಧದ ಬಳಿಕ, 1919ರ ಒಪ್ಪಂದದಂತೆ, ಇಟಲಿಯ ಪಾಲಾಯಿತು. ಜನ ಇದ್ದಲ್ಲಿಯೇ ಇದ್ದರು. ಗಡಿ ಅವರನ್ನು ದಾಟಿ ಹೋಯಿತು. ಇಂದಿಗೂ ಆ ಪ್ರಾಂತದ ಬಹುಪಾಲು ಜನರ ಮನೆಮಾತು ಜರ್ಮನ್. ಇದನ್ನು ಓದಿ ತಿಳಿದಿದ್ದ ಮಾಸ್ತರರಿಗೆ ಅದು ಪರಸ್ಥಳವೆನಿಸಿರಲಿಲ್ಲ.

ಮೊದಲ ತೊಡಕು ಊರಿನ ಹೆಸರಿನಲ್ಲಿಯೇ ಎದುರಾಯಿತು. ಇಟಲಿಯ ರೈಲು ಜಾಲತಾಣದಲ್ಲಿ ಮ್ಯೂನಿಕ್ ನಗರಕ್ಕೆ ‘ಮೊನಾಕೊ’ ಎಂಬ ಹೆಸರು. ಸಮುದ್ರತೀರದ ಪುಟ್ಟ ರಾಜ್ಯವಾದ ಮೊನಾಕೊ ಬೇರೆ. ಇದು ‘ಬವೇರಿಯಾದ ಮೊನಾಕೊ’. ಬೊಲ್ಜಾನೊ ಜರ್ಮನ್ನಿನಲ್ಲಿ ‘ಬೋಟ್ಸೆನ್’. ಮಗಳು ಬೇಸರಗೊಂಡಳು, ಮಾಸ್ತರರು ನಕ್ಕರು. ವಿಜಯಪುರವನ್ನು ‘ವಿಜಾಪೂರ’ ಎನ್ನುವ ನೆರೆಯವರ ನಡುವೆ ಬಾಳಿದವರಿಗೆ ಒಂದೂರಿಗೆ ಎರಡು ಹೆಸರಿರುವುದು ಹೊಸದೇನಲ್ಲ.

ಎರಡನೆಯ ತೊಡಕು ಹಣದ್ದು. ಸ್ಟುಟ್‌ಗಾರ್ಟ್‌ನಿಂದ ಮ್ಯೂನಿಕ್‌ವರೆಗೆ ಒಂದು ರೈಲು. ಅಲ್ಲಿ ಇಳಿದು, ಆಸ್ಟ್ರಿಯಾವನ್ನು ಹಾಯ್ದು ಇಟಲಿಗೆ ಹೋಗುವ ಇನ್ನೊಂದು ರೈಲು. ಇಂಥ ಟಿಕೆಟುಗಳ ಮಾರಾಟ ಹಲವು ತಿಂಗಳ ಮುಂಚೆಯೇ ತೆರೆಯುತ್ತದೆ. ಮೊದಲು ಬಂದವರಿಗೆ ಅಗ್ಗ, ತಡವಾದಷ್ಟೂ ತುಟ್ಟಿ. ಅಗ್ಗದ ಟಿಕೆಟು ಅದರಲ್ಲಿ ನಮೂದಿಸಿದ ರೈಲಿಗೆ ಮಾತ್ರ ಸಲ್ಲುತ್ತದೆ.

“ಅಪ್ಪಾ, ಎರಡು ಟಿಕೇಟ ಬ್ಯಾರೆ ಬ್ಯಾರೆ ತಗೊಂಡ್ರ ಸೋವಿ ಆಗ್ತದ್ರಿ,” ಎಂದಳು ಮಗಳು.

“ಮ್ಯೂನಿಕ್‌ನಾಗ ಗಾಡಿ ತಪ್ಪಿದ್ರ ಹೊಣೆ ಯಾರದವ್ವಾ?” ಎಂದರು ಮಾಸ್ತರರು.

ಆ ಪ್ರಶ್ನೆಯೇ ಇಡೀ ವಿಷಯದ ತಿರುಳು. ಪ್ರತಿಯೊಂದು ದೇಶದ ರೈಲಿಗೂ ತನ್ನದೇ ವ್ಯವಸ್ಥೆ, ತನ್ನದೇ ದರ. ಬೇರೆ ಬೇರೆಯಾಗಿ ಕೊಂಡ ಟಿಕೆಟುಗಳು ಬೇರೆ ಬೇರೆ ಒಪ್ಪಂದಗಳೆನಿಸುತ್ತವೆ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ನಷ್ಟ ಸಾಮಾನ್ಯವಾಗಿ ಪ್ರಯಾಣಿಕನದೇ. ಊರಿಂದೂರಿಗೆ ಒಂದೇ ಟಿಕೆಟು ಇದ್ದರೆ ಗಮ್ಯಕ್ಕೆ ಮುಟ್ಟಿಸುವ ಹೊಣೆ ರೈಲಿನವರದು. 2023ರ ಜೂನ್‌ನಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ನಿಯಮದಂತೆ, ಅಸಾಧಾರಣ ಕಾರಣಗಳನ್ನು ಬಿಟ್ಟು, ಒಂದು ಗಂಟೆ ತಡವಾದರೆ ದರದ ಶೇ. 25, ಎರಡು ಗಂಟೆ ಅಥವಾ ಅದಕ್ಕೂ ಮೀರಿದರೆ ಶೇ. 50 ಪರಿಹಾರವೂ ಉಂಟು. ಮಾಸ್ತರರು ತುಸು ಹೆಚ್ಚು ಹಣ ತೆತ್ತು ಒಂದೇ ಟಿಕೆಟು ತೆಗೆಸಿದರು. ಆಸನ ಕಾದಿರಿಸುವುದು ಅಲ್ಲಿ ಟಿಕೆಟಿನ ಭಾಗವಲ್ಲ. ಅದಕ್ಕೆ ಬೇರೆ ಹಣ. ಮೊಣಕಾಲು ನೋವಿನ ಹೆಂಡತಿಗಾಗಿ ಅದನ್ನೂ ಕೊಟ್ಟರು.

ಹೊರಟ ದಿನ ಮೊದಲ ರೈಲು ದಾರಿಯಲ್ಲಿಯೇ ನಿಂತಿತು. ಮ್ಯೂನಿಕ್ ತಲುಪುವಷ್ಟರಲ್ಲಿ ಇಟಲಿಯ ಗಾಡಿ ಹೊರಟುಹೋಗಿತ್ತು. ಮುಂದಿನದಕ್ಕೆ ಎರಡು ಗಂಟೆ. ಕಿಟಕಿಯಲ್ಲಿದ್ದ ಹೆಣ್ಣುಮಗಳು ಟಿಕೆಟು ನೋಡಿದಳು, ಮುಂದಿನ ಗಾಡಿಯಲ್ಲಿ ಹೋಗಬಹುದೆಂದು ಬರೆದು ಮುದ್ರೆಯೊತ್ತಿದಳು. ಹೊಸದಾಗಿ ಒಂದು ಪೈಸೆಯನ್ನೂ ಕೇಳಲಿಲ್ಲ. ಆದರೆ ಕಾದಿರಿಸಿದ್ದ ಆಸನ ತಪ್ಪಿದ ಗಾಡಿಯೊಂದಿಗೇ ಹೋಗಿತ್ತು. ಇನ್ಸ್‌ಬ್ರುಕ್‌ವರೆಗೆ ಮಾಸ್ತರರು ನಿಂತರು. ಯಾರೋ ಹುಡುಗ ಎದ್ದು ಹೆಂಡತಿಗೆ ಜಾಗ ಬಿಟ್ಟುಕೊಟ್ಟ.

ಇನ್ಸ್‌ಬ್ರುಕ್ ಬಿಟ್ಟ ಮೇಲೆ ಗಾಡಿ ಸುಮಾರು 1,370 ಮೀಟರ್ ಎತ್ತರದ ಬ್ರೆನ್ನರ್ ಕಣಿವೆಮಾರ್ಗಕ್ಕೆ ಏರಿತು. 1867ರಲ್ಲಿ ಈ ರೈಲುದಾರಿ ತೆರೆದಾಗ ಎರಡೂ ಬದಿ ಒಂದೇ ಸಾಮ್ರಾಜ್ಯದವು. ಇಂದು ಅಲ್ಲಿ ಎರಡು ದೇಶಗಳ ಗಡಿ. ಆ ಕಡೆ 15,000 ವೋಲ್ಟಿನ ಪರ್ಯಾಯ ವಿದ್ಯುತ್ತು, ಈ ಕಡೆ 3,000 ವೋಲ್ಟಿನ ಏಕಮುಖ ವಿದ್ಯುತ್ತು. ಆದ್ದರಿಂದ ಇಲ್ಲಿ ಎಂಜಿನ್ ಬದಲಿಸುವುದುಂಟು. ಎರಡೂ ವಿದ್ಯುತ್ತುಗಳಲ್ಲಿ ನಡೆಯಬಲ್ಲ ಎಂಜಿನ್‌ಗಳೂ ಈಗ ಇವೆ ಎಂದು ಕೇಳಿ ಮಾಸ್ತರರು, “ಅದು ನಮ್ಮಂಥಾದ್ದು” ಎಂದರು. ಷೆಂಗೆನ್ ಒಪ್ಪಂದದ ದೇಶಗಳ ನಡುವೆ ಗಡಿಯ ನಿತ್ಯತಪಾಸಣೆ ಇಲ್ಲ; ಆದರೂ ಪೊಲೀಸರು ಕೇಳುವುದುಂಟು. ಅವರು ಬಂದಾಗ ಪಾಸ್‌ಪೋರ್ಟು ಕಿಸೆಯಲ್ಲಿಯೇ ಇತ್ತು.

ಬೊಲ್ಜಾನೊ ನಿಲ್ದಾಣದ ಫಲಕದಲ್ಲಿ ಎರಡು ಹೆಸರುಗಳು: ಬೊಲ್ಜಾನೊ, ಬೋಟ್ಸೆನ್. ಮಾಸ್ತರರು ಅದರ ಮುಂದೆ ಬಹಳ ಹೊತ್ತು ನಿಂತರು. ಎಳವೆಯಿಂದಲೂ ಅವರನ್ನು ಜನ ಕೇಳುತ್ತ ಬಂದ ಪ್ರಶ್ನೆ ಒಂದೇ: ನೀವು ಮರಾಠಿಯವರೋ, ಕನ್ನಡದವರೋ? ಕೇಳಿದವರು ಯಾರೆಂದು ನೋಡಿ ಅವರು ಒಮ್ಮೆ ಹೀಗೆ, ಒಮ್ಮೆ ಹಾಗೆ ಉತ್ತರಿಸಿದ್ದರು. ಎರಡು ಬೇರೆ ಟಿಕೆಟುಗಳನ್ನು ಕಿಸೆಯಲ್ಲಿಟ್ಟುಕೊಂಡು, ನಡುವೆ ತಪ್ಪಿದರೆ ಹೊಣೆ ತಮ್ಮದೇ ಎಂಬ ಅಳುಕಿನಲ್ಲಿ ಬಾಳಿದ್ದರು.

ಊರಿಗೆ ಮರಳಿದ ಮೇಲೆ ಅವರು ಆ ಮುದ್ರೆಯೊತ್ತಿದ ಟಿಕೆಟನ್ನು ಕನ್ನಡ ನಿಘಂಟಿನೊಳಗೆ ಇಟ್ಟಿದ್ದಾರೆ. ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ಮಕ್ಕಳು ಮನೆಗೆ ಬಂದು, “ಇಲ್ಲಿದ್ದು ಕನ್ನಡ ಓದಿ ಏನು ಮಾಡೂದ್ರಿ ಸರ್?” ಎಂದು ಕೇಳಿದಾಗ ಅದನ್ನು ತೆಗೆದು ತೋರಿಸುತ್ತಾರೆ. ಜರ್ಮನಿಯಲ್ಲಿ ಹೊರಟು, ಆಸ್ಟ್ರಿಯಾ ಹಾಯ್ದು, ಇಟಲಿಯಲ್ಲಿ ಇಳಿದ ದಾರಿಯನ್ನು ಬೆರಳಿನಿಂದ ಗುರುತಿಸುತ್ತ, “ಮೂರು ದೇಶ, ಒಂದ ಟಿಕೇಟ” ಎನ್ನುತ್ತಾರೆ. ಆಮೇಲೆ ಚಹಾ ತರಿಸುತ್ತಾರೆ.