ಇಪ್ಪತ್ತೆಂಟನೆಯ ದಿನ

ಎಂಜಿನಿಯರಿಂಗ್ ಪದವಿಗೆ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಅದನ್ನು ಆರೇಳು ಸೆಮಿಸ್ಟರಿನಲ್ಲಿ ಮುಗಿಸಬಹುದೇ ಎಂಬ ಪ್ರಶ್ನೆ ಮೊದಲು ಬರಿಯ ಭಾಗಾಕಾರದಂತೆ ಕಾಣುತ್ತದೆ. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇಯ 2018ರ ಮಾದರಿ ಪಠ್ಯಕ್ರಮದಲ್ಲಿ ಒಟ್ಟು 160 ಕ್ರೆಡಿಟ್‌ಗಳಿವೆ. ವಾರಕ್ಕೊಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆಯ ಪ್ರಯೋಗಾಲಯಕ್ಕೆ ಒಂದು. ಎಂಟು ಪಾಲು ಮಾಡಿದರೆ ಸೆಮಿಸ್ಟರಿಗೆ 20, ಆರು ಪಾಲು ಮಾಡಿದರೆ ಸುಮಾರು 27. ಬೇಗ ಮುಗಿಸಿದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ, ಸಂಬಳ ಬೇಗ ಕೈಸೇರುತ್ತದೆ ಎಂಬುದು ಎಲ್ಲ ಮನೆಗಳಿಗೂ ಗೊತ್ತಿರುವ ಮಾತು.

ತೊಡಕಿರುವುದು ವಿಷಯಗಳ ಸರಪಳಿಯಲ್ಲಿ. ಸಿವಿಲ್ ವಿಭಾಗದಲ್ಲಿ ಮೆಕ್ಯಾನಿಕ್ಸ್ ಬಾರದೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ತಲೆಗೆ ಹತ್ತದು. ಅದಿಲ್ಲದೆ ಸ್ಟ್ರಕ್ಚರಲ್ ಅನಾಲಿಸಿಸ್ ಇಲ್ಲ. ಅದಾದ ಮೇಲೆಯೇ ಆರ್‌ಸಿಸಿ, ಅಂದರೆ ಉಕ್ಕಿನ ಸರಳು ಹಾಕಿದ ಕಾಂಕ್ರೀಟಿನ ಡಿಸೈನ್. 1957ರ ಸುಮಾರಿಗೆ ಡ್ಯೂಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ರೂಪಿಸಿದ ಕ್ರಿಟಿಕಲ್ ಪಾತ್ ವಿಧಾನ ಹೇಳುವುದು ಇದನ್ನೇ: ಒಂದರ ಹಿಂದೊಂದು ನಡೆಯಲೇಬೇಕಾದ ಕೆಲಸಗಳ ಅತಿ ಉದ್ದದ ಸಾಲು ಎಷ್ಟಿದೆಯೋ, ಇಡೀ ಯೋಜನೆಗೆ ಕನಿಷ್ಠ ಅಷ್ಟು ಕಾಲ ಬೇಕು. ಐಚ್ಛಿಕ ವಿಷಯಗಳನ್ನು ಹಿಂದುಮುಂದು ಮಾಡಬಹುದು, ಬೇಸಿಗೆ ರಜೆಯಲ್ಲಿ ಓದಬಹುದು. ಸರಪಳಿಯ ಕೊಂಡಿಗಳನ್ನು ಒಟ್ಟೊಟ್ಟಿಗೆ ಓದಲಾಗದು.

ಬೇಗ ಮುಗಿಸಿದವರಲ್ಲಿ ಹಲವರು ಕೆಲವು ಕೊಂಡಿಗಳನ್ನು ಮೊದಲೇ ದಾಟಿ ಬಂದವರು. ಅಮೆರಿಕದಲ್ಲಿ ಹೈಸ್ಕೂಲಿನಲ್ಲಿಯೇ ಕಾಲೇಜು ಮಟ್ಟದ ಎಪಿ ಪರೀಕ್ಷೆ ಬರೆದವರಿಗೆ ಅನೇಕ ವಿಶ್ವವಿದ್ಯಾಲಯಗಳು ಕ್ಯಾಲ್ಕುಲಸ್, ಭೌತಶಾಸ್ತ್ರಗಳ ಕ್ರೆಡಿಟ್ ಕೊಡುತ್ತವೆ. ಕರ್ನಾಟಕದಲ್ಲಿ ಲ್ಯಾಟರಲ್ ಎಂಟ್ರಿಯಿಂದ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವವರ ಬೆನ್ನಿಗೆ ಪಾಲಿಟೆಕ್ನಿಕ್‌ನ ಮೂರು ವರ್ಷಗಳಿವೆ.

ಆರ್‌ಸಿಸಿಯ ಕೊಂಡಿಯಲ್ಲಿ ಸರಪಳಿಯ ಮಾತು ಕಾಂಕ್ರೀಟಿಗೆ ಬಂದು ನಿಲ್ಲುತ್ತದೆ. ಹೊಸ ಚಾವಣಿಯ ಬಗ್ಗೆ ‘ಮೋಲ್ಡ್ ಒಣಗಿತು’ ಎನ್ನುವ ಮಾತು ಊರೂರಲ್ಲೂ ಕೇಳುತ್ತದೆ, ಮತ್ತು ಅದು ತಪ್ಪು. ಕಾಂಕ್ರೀಟ್ ಗಟ್ಟಿಯಾಗುವುದು ಒಣಗಿ ಅಲ್ಲ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಬೆರೆತು. ಒಣಗಿದರೆ ಆ ಕ್ರಿಯೆಯೇ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ 150 ಮಿಲಿಮೀಟರ್ ಬದಿಯ ಘನಗಳನ್ನು ಎರಕ ಹೊಯ್ದು, ಮರುದಿನ ಅಚ್ಚಿನಿಂದ ಬಿಡಿಸಿ, ಸುಮಾರು 27 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮುಳುಗಿಸಿಡುತ್ತಾರೆ. ಏಳನೆಯ ದಿನ ಯಂತ್ರದಲ್ಲಿ ಒತ್ತಿದರೆ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಬಲ ಬಂದಿರುತ್ತದೆ. ಎಂ-20 ಎಂಬ ಕಾಂಕ್ರೀಟ್ ದರ್ಜೆಯ ಹೆಸರಿನಲ್ಲಿರುವ 20, ಅಂದರೆ ಚದರ ಮಿಲಿಮೀಟರಿಗೆ 20 ನ್ಯೂಟನ್, 28ನೆಯ ದಿನದ ಲೆಕ್ಕ.

ಅವಸರಕ್ಕೂ ಇಲ್ಲಿ ದಾರಿಯಿದೆ. ಕಾರ್ಖಾನೆಗಳಲ್ಲಿ ರೈಲ್ವೆ ಸ್ಲೀಪರ್‌ಗಳಿಗೆ ಹಬೆ ಕೊಟ್ಟು ಒಂದೇ ದಿನದೊಳಗೆ ಅಚ್ಚಿನಿಂದ ತೆಗೆಯುವಷ್ಟು ಬಲ ತರಿಸುತ್ತಾರೆ. ಆದರೆ ಶುರುವಿನಲ್ಲೇ ಬಿಸಿ ಹೆಚ್ಚಾದರೆ ಸಿಮೆಂಟಿನ ಕಣಗಳ ಸುತ್ತ ದಟ್ಟ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ಒಳಗಿನ ಭಾಗಕ್ಕೆ ನೀರು ನಿಧಾನವಾಗಿ ತಲುಪುತ್ತದೆ, ಕೊನೆಯ ಬಲ ತಣ್ಣನೆಯ ನೀರಿನಲ್ಲಿ ಬೆಳೆದ ಘನಕ್ಕಿಂತ ಕಡಿಮೆಯಾಗುತ್ತದೆ. ಅದಕ್ಕೇ ಹಬೆಯ ಬಿಸಿಯನ್ನು ಮೆಲ್ಲಮೆಲ್ಲನೆ ಏರಿಸಿ, ಒಂದು ಮಿತಿಯಲ್ಲಿ ನಿಲ್ಲಿಸುತ್ತಾರೆ.

ಪದವಿಯನ್ನು ಬೇಗ ಮುಗಿಸಹೊರಟವರು ನೋಡಬೇಕಾದದ್ದೂ ಈ ಮಿತಿಯನ್ನೇ. ಕ್ರೆಡಿಟ್ ಏರಿಸುವ ಮುನ್ನ, ಹಿಂದಿನ ಸೆಮಿಸ್ಟರಿನ ಒಂದು ಲೆಕ್ಕವನ್ನು ಪುಸ್ತಕ ತೆರೆಯದೆ ಬಿಡಿಸಲು ಬಂದರೆ ಮುಂದಿನ ಕೊಂಡಿ ಹಿಡಿಯಬಹುದು. ಬಾರದಿದ್ದರೆ ಅಲ್ಲಿಗೆ ಇನ್ನೂ ನೀರು ಬೇಕು.

ಮೋಲ್ಡ್ ಹಾಕಿದ ಮನೆಗಳಲ್ಲಿ ಮರುದಿನ ತಾರಸಿಯ ಮೇಲೆ ಗಾರೆಯ ಪುಟ್ಟ ಬದುಗಳು ಏಳುತ್ತವೆ, ಸಣ್ಣ ಗದ್ದೆಗಳ ಹಾಗೆ. ಅವುಗಳಲ್ಲಿ ನೀರು ನಿಲ್ಲಿಸುತ್ತಾರೆ, ಕಂಬಗಳಿಗೆ ಒದ್ದೆ ಗೋಣಿ ಸುತ್ತುತ್ತಾರೆ. ಬೆಳಗ್ಗೆ ಯಾರೋ ಕೊಡ ಹಿಡಿದು ಮೇಲೇರಿ ಇಂಗಿದಷ್ಟು ತುಂಬಿಸಿ ಇಳಿಯುತ್ತಾರೆ. ಆ ನೀರಿನ ಅಡಿಯಲ್ಲಿ, ಕಣ್ಣಿಗೆ ಕಾಣದಂತೆ, ಚಾವಣಿ ಬಲಿಯುತ್ತಿರುತ್ತದೆ.