ಆಫ್ ಮಾಡಿದ್ರೂ ಆಫ್ ಆಗದ ವೈಫೈ

ಎರಡು ತಿಂಗಳಾತು, ನಾ ಏನೂ ಬರದಿಲ್ಲ. "ಯಾಕ್ರೀ, ಅಡಗಿಮನಿ ಬಂದ್ ಆತೇನು?" ಅಂತ ಬಾಜೂಮನಿ ವೈನಿ ಕೇಳಿದ್ರು. ಅಡಗಿಮನಿ ಚಾಲೂ ಇತ್ರಿ, ಆದ್ರ ಊರು ಬ್ಯಾರೆ ಇತ್ತು. ನಮ್ಮವ್ವ ಬಚ್ಚಲದಾಗ ಜಾರಿ ಬಿದ್ದು ಸೊಂಟದ ಎಲುಬು ಮುರಕೊಂಡಿದ್ಲು. ಆಪರೇಶನ್ ಆಗಿ ಮನಿಗೆ ಬಂದ ಮ್ಯಾಲ ಅಕಿ ಹತ್ರ ಹಗಲಿ ರಾತ್ರಿ ಒಬ್ಬರು ಇರಬೇಕಲ್ಲ. ಹಂಗಾಗಿ ನಾ ನವಲಗುಂದ ತಾಲೂಕಿನ ನಮ್ಮ ತವರೂರಿಗೆ ಹೋಗಿ ಉಳಕೊಂಡಿದ್ದೆ. ಅಲ್ಲಿ ಕಲತ ಒಂದು ಮಾತು ಇವತ್ತು ಹೇಳ್ತೇನಿ. ಇದು ಅಡಗಿ ಮಾತಲ್ಲ, ಫೋನಿನ ಮಾತು. "ಇಕಿ ಏನು ಫೋನಿನ ಬಗ್ಗೆ ಹೇಳ್ತಾಳ" ಅಂತ ನಗಬ್ಯಾಡ್ರಿ. ನಾ ಪಿಯುಸಿ ಆರ್ಟ್ಸ್ ಓದಿದಾಕಿ. ನನಗ ತಿಳದೇತಿ ಅಂದ್ರ ನಿಮಗೂ ತಿಳೀತೈತಿ.

ನಾವು ಸಣ್ಣವರಿದ್ದಾಗ ಬ್ಯಾಟರಿ ಅಂದ್ರ ನಮ್ಮಪ್ಪ ರಾತ್ರಿ ಹೊಲಕ್ಕ ಒಯ್ಯೂ ಕೈಬ್ಯಾಟರಿ. ಪಡಸಾಲ್ಯಾಗ ಒಂದು ರೇಡಿಯೋ ಇತ್ತು. ಅದರ ಸೆಲ್ಲು ಇಳದ್ರ ಅಪ್ಪ ಅವನ್ನ ತಗದು ಮಾಳಿಗಿ ಮ್ಯಾಲ ಬಿಸಲಿಗೆ ಇಡತಿದ್ದ, ಇನ್ನೆರಡು ದಿನ ನಡೀಲಿ ಅಂತ. ಧಾರವಾಡ ಆಕಾಶವಾಣಿ ವಾರ್ತಾ ಮುಗೀತು ಅಂದ್ರ ಗುಂಡಿ ತಿರುವಿಬಿಡಾಂವ. ಟಕ್ ಅಂತಿತ್ತು, ರೇಡಿಯೋ ಬಂದ್. ಬಂದ್ ಅಂದ್ರ ಖರೇನ ಬಂದ್, ಸೆಲ್ಲು ಖರ್ಚಾಗ್ತಿರಲಿಲ್ಲ. ಫೋನೂ ಹಂಗ ಇರ್ತೈತಿ ಅಂತ ನನ್ನ ತಲ್ಯಾಗ ಇತ್ತು.

ತವರಮನಿ ಹಳೇ ಮಣ್ಣಿನ ಮಾಳಿಗಿ ಮನಿ. ಗ್ವಾಡಿ ಎರಡು ಮೊಳ ದಪ್ಪ. ಬ್ಯಾಸಗ್ಯಾಗ ಒಳಗ ಭಾಳ ತಂಪು, ಆದ್ರ ನಡುಮನ್ಯಾಗ ಫೋನಿಗೆ ಒಂದ ಗೀಟು ಸಿಗ್ನಲ್. ವೈಫೈ ಅಂತೂ ಇಲ್ಲವ ಇಲ್ಲ. ನಾ ಹೋದ ದಿನಾನ ಫೋನಿನ ವೈಫೈ ಬಂದ್ ಮಾಡಿದ್ದೆ, ಬ್ಯಾಟರಿ ಉಳೀಲಿ ಅಂತ. ಮಳಿಗಾಲದಾಗ ಅಲ್ಲಿ ಕರೆಂಟ ಯಾವಾಗ ಹೊಕ್ಕೈತಿ, ಯಾವಾಗ ಬರ್ತೈತಿ ಹೇಳಾಕ ಬರೂದಿಲ್ಲ.

ಶ್ರಾವಣದ ಒಂದು ದಿನ ತಮ್ಮ, ತಮ್ಮನ ಹೆಂಡ್ತಿ ಇಬ್ಬರೂ ಬೀಗರ ಮನಿ ಕಾರ್ಯಕ್ಕ ಹೋಗಿ ಅಲ್ಲೇ ಉಳದಿದ್ರು. ತಮ್ಮನ ಮಗಳು ಹುಬ್ಬಳ್ಳಿ ಹಾಸ್ಟೆಲಿನ್ಯಾಗ ಇದ್ಲು. ಮನ್ಯಾಗ ನಾನು, ಅವ್ವ ಇಬ್ಬರ. ಮಧ್ಯಾಹ್ನನ ಗಾಳಿ ಮಳಿ ಹತ್ತಿ ಕರೆಂಟ ಹೋತು. ಆಗ ಫೋನಿನ್ಯಾಗ ನಲವತ್ತು ಪರ್ಸೆಂಟ್ ಇತ್ತು. ಸಾಕು ಬಿಡು ಅಂತ ಅವ್ವನ ಹಾಸಿಗಿ ಬಾಜೂಕ ಇಟ್ಟು, ನನ್ನ ಪಾಡಿಗೆ ನಾ ರೊಟ್ಟಿ ಬಡದೆ, ಅಕಿಗೆ ಗಂಜಿ ಕುಡಿಸಿದೆ, ಬಟ್ಟಿ ಬದಲಿ ಮಾಡಿದೆ. ಫೋನು ಮುಟ್ಟಲಿಲ್ಲ.

ರಾತ್ರಿ ಹನ್ನೊಂದಕ್ಕ ಅವ್ವ ನಡಗಾಕತ್ತಿದ್ಲು. ಮೈ ಮುಟ್ಟಿದ್ರ ಕೆಂಡ. ಮಾತಾಡಿಸಿದ್ರ ಏನೇನೋ ಬಡಬಡಿಸಾಕತ್ತಿದ್ಲು, ತೀರಿಹೋದ ನಮ್ಮಪ್ಪನ್ನ ಕರೀತಿದ್ಲು. ಫೋನು ತಗೊಂಡೆ. ಎರಡು ಪರ್ಸೆಂಟ್! ಕೈ ನಡಗಿಸ್ಕೋತ 108 ಒತ್ತಿದೆ. ಒಂದು ಸಲ ಗಂಟಿ ಬಾರಿಸಿತು, ಪರದೆ ಕಪ್ಪಾತು. ಕಂದೀಲು ಅವ್ವನ ಹತ್ರ ಇಟ್ಟು, ಆ ಮಳ್ಯಾಗ ಕತ್ತಲ್ಯಾಗ ಓಡಿ ಎದರಮನಿ ಕಾಕಾನ ಬಾಗಲಾ ಬಡದೆ. ಕಾಕಾಂದು ಗುಂಡಿ ಒತ್ತೂ ಸಣ್ಣ ಫೋನು. ಮೂರು ದಿನದ ಹಿಂದ ಚಾರ್ಜಿಗೆ ಹಚ್ಚಿದ್ದಂತ, ಇನ್ನೂ ಅರ್ಧ ಇತ್ತು. ಅದರಿಂದ 108ಕ್ಕ ಹಚ್ಚಿದ್ವಿ. ಅಂಬುಲೆನ್ಸ್ ಬಂತು. ಮೂತ್ರದ ಸೋಂಕು ಮ್ಯಾಲೇರಿತ್ತು, ನಾಲ್ಕು ದಿನ ದವಾಖಾನ್ಯಾಗ ಇದ್ದು ಬಂದ್ವಿ. ಅವ್ವ ಈಗ ಆರಾಮ ಅದಾಳ. ಆದ್ರ ಅವ್ವನ್ನ ಒಬ್ಬಾಕಿನ್ನ ಕಂದೀಲದ ಬೆಳಕಿನ್ಯಾಗ ಬಿಟ್ಟು ಓಡಿದ್ನಲ್ಲ, ಆ ಐದು ನಿಮಿಷ ನನಗ ಇನ್ನೂ ಕನಸಿನ್ಯಾಗ ಬರ್ತೈತಿ.

ಮರುದಿನ ನಮ್ಮವರು ಧಾರವಾಡದಿಂದ ಬಂದ್ರು. ಬಂದವರ ಕೇಳಿದ ಮೊದಲನೇ ಮಾತು, "ರೀಲ್ಸ್ ನೋಡಿ ನೋಡಿ ಬ್ಯಾಟರಿ ಖಾಲಿ ಮಾಡಿಕೊಂಡಿದ್ದೇನು?" ನಾ ಏನೂ ಅನಲಿಲ್ಲ. ದವಾಖಾನಿ ನಳದ ಹತ್ರ ಹೋಗಿ ಮುಖ ತೊಳಕೊಂಡು ಬಂದೆ. ಮನಿಯವರು ಕೆಟ್ಟ ಮನಸಿನಿಂದ ಅಂದಿರಲಿಲ್ಲ, ಗಾಬರಿ ಆಗಿದ್ರು. ಆದ್ರ ನೀವು ಹೇಳ್ರಿ, ಮನ್ಯಾಗ ಏನ ಕಡಿಮಿ ಬಿದ್ರೂ, ಗ್ಯಾಸ್ ಮುಗದ್ರೂ, ಸಕ್ಕರಿ ಮುಗದ್ರೂ, ಮೊದಲ ನಮ್ಮ ಮುಖಾನ ನೋಡ್ತಾರೋ ಇಲ್ಲೋ?

ಶನಿವಾರ ತಮ್ಮನ ಮಗಳು ಊರಿಗೆ ಬಂದ್ಲು. ಅಕಿ ಬಿಸಿಎ ಓದಾಕತ್ತಾಳ. ಅಕಿ ಮುಂದ ಇದನ್ನ ಹೇಳಿದೆ. "ಅತ್ತಿ, ಫೋನು ಕೊಡು ಇಲ್ಲೆ" ಅಂತ ತಗೊಂಡು ಸೆಟ್ಟಿಂಗ್ಸ್ ಒಳಗ ಬ್ಯಾಟರಿ ಅಂತ ಇರ್ತೈತಲ್ಲ, ಅದನ್ನ ತಗದ್ಲು. ಯಾವ ಯಾವ ಕೆಲಸಕ್ಕ ಎಷ್ಟೆಷ್ಟು ಬ್ಯಾಟರಿ ಹೋಗೇತಿ ಅಂತ ಅಲ್ಲಿ ಲೆಕ್ಕ ಇರ್ತೈತಿ, ಕಿರಾಣಿ ಅಂಗಡಿ ಉದ್ರಿ ವಹಿ ಇದ್ದಂಗ. ಪರದೆಗೆ ಹೋಗಿದ್ದು ಭಾಳ ಕಡಿಮಿ ಇತ್ತು. ಮೊಬೈಲ್ ನೆಟ್‌ವರ್ಕಿಗೆ ಹೆಚ್ಚು ಹೋಗಿತ್ತು. ನಾ ಬಂದ್ ಮಾಡಿದ್ದ ವೈಫೈ ಹೆಸರಲೇನೂ ಒಂದಿಷ್ಟು ಬರದಿತ್ತು.

"ಇದೆಂಥಾದ್ದವಾ? ವೈಫೈ ಬಂದ್ ಐತಿ, ಈ ಊರಾಗ ವೈಫೈ ಎಲ್ಲೂ ಇಲ್ಲ!"

"ಅತ್ತಿ, ನೀ ವೈಫೈ ಕೂಡಸೂದು ಬಂದ್ ಮಾಡೀದಿ. ಹುಡುಕೂದು ಬಂದ್ ಮಾಡಿಲ್ಲ. ಇಲ್ಲದ್ದನ್ನ ಅದು ಹುಡುಕಾಕ ಹತ್ತೇತಿ" ಅಂದ್ಲು.

ಅಕಿ ಹೇಳಿದ್ದನ್ನ ನನಗ ತಿಳದಂಗ ಹೇಳ್ತೇನಿ. ಮನ್ಯಾಗ ವೈಫೈ ಡಬ್ಬಿ ಇರ್ತೈತಲ್ರಿ, ಅದು ಸುಮ್ಮನ ಕೂಡೂದಿಲ್ಲ. "ನಾ ಇಲ್ಲೆ ಅದೇನಿ, ನನ್ನ ಹೆಸರು ಇದು, ನಂಬರು ಇದು" ಅಂತ ಒಂದು ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗ್ತಿರ್ತೈತಿ. ನಮಗ ಕೇಳೂದಿಲ್ಲ, ಫೋನಿಗೆ ಕೇಳ್ತೈತಿ. ಯಾವ ಡಬ್ಬಿ ಯಾವ ಓಣ್ಯಾಗ ಐತಿ ಅನ್ನೂ ಲೆಕ್ಕ ಫೋನಿನ ಕಂಪನಿಯವರ ಹತ್ರ ಇರ್ತೈತಿ. ಸುತ್ತ ಯಾವ್ಯಾವ ಡಬ್ಬಿ ಕೂಗಾಕತ್ತಾವ ಅಂತ ನೋಡಿ, ನಾವು ಎಲ್ಲಿ ಅದೀವಿ ಅಂತ ಫೋನು ಕಂಡುಹಿಡೀತೈತಿ. ಮನಿ ಒಳಗ, ದೊಡ್ಡ ಅಂಗಡಿ ಒಳಗ ಜಿಪಿಎಸ್ ಸರಿಯಾಗಿ ಹತ್ತೂದಿಲ್ಲಲ್ಲ, ಅಲ್ಲಿ ಇದರ ಉಪಯೋಗ ಹೆಚ್ಚು. ಅದಕ್ಕ ನಾವು ವೈಫೈ ಬಂದ್ ಮಾಡಿದ್ರೂ ಈ ಕಿವಿಗೊಟ್ಟು ಕೇಳೂದು ನಡದ ಇರ್ತೈತಿ. 2013ರಾಗ ಬಂದ ಆಂಡ್ರಾಯ್ಡ್ 4.3ರಿಂದ ಈ ಪದ್ಧತಿ ಐತಂತ. ನಮ್ಮ ಓಣ್ಯಾಗ ಒಬ್ಬ ಅಜ್ಜಿ ಇದ್ಲು, ಮುಂಬಾಗಲಾ ಹಾಕಿದ್ರೂ ಕಿಡಕಿ ಸಂದಿಯಿಂದ ಯಾರು ಹೋದ್ರು, ಯಾರು ಬಂದ್ರು ನೋಡಕೋತ ಕೂಡಾಕಿ. ಹಂಗ ಇದು.

ಬಂದ್ ಮಾಡೂದು ಸರಳ ಐತಿ. ಸೆಟ್ಟಿಂಗ್ಸ್ ತಗೀರಿ. ಅದರಾಗ ಲೊಕೇಶನ್ ಅಂತ ಐತಿ, ಕನ್ನಡ ಹಾಕಿಕೊಂಡಿದ್ರ ಸ್ಥಳ ಅಂತ ಬರ್ತೈತಿ. ಅದನ್ನ ಒತ್ತಿದ್ರ ಕೆಳಗ ಲೊಕೇಶನ್ ಸರ್ವಿಸಸ್ ಸಿಗ್ತೈತಿ. ಅದರ ಒಳಗ ವೈಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್ ಅಂತ ಎರಡು ಇರ್ತಾವ. ಎರಡನ್ನೂ ಬಂದ್ ಮಾಡ್ರಿ, ಮುಗೀತು. ನಿಮ್ಮ ಫೋನಿನ್ಯಾಗ ದಾರಿ ಸ್ವಲ್ಪ ಬ್ಯಾರೆ ಇದ್ರ, ಸೆಟ್ಟಿಂಗ್ಸಿನ ಮ್ಯಾಲ ಹುಡುಕೂ ಜಾಗಾದಾಗ ಇಂಗ್ಲೀಷಿನ್ಯಾಗ ಸ್ಕ್ಯಾನಿಂಗ್ ಅಂತ ಬರದ್ರೂ ಸಿಗ್ತೈತಿ. ಇದನ್ನ ಬಂದ್ ಮಾಡಿದ್ರ ಮನಿ ವೈಫೈ ಹತ್ತೂದಿಲ್ಲೇನು ಅಂತ ಅಂಜಬ್ಯಾಡ್ರಿ. ವೈಫೈ ಚಾಲೂ ಮಾಡಿದ್ರ ಮೊದಲಿನಂಗ ಹತ್ತೈತಿ. ಬ್ಲೂಟೂತಿನ ಕಿವಿಗೆ ಹಾಕೂದೂ ನಡೀತೈತಿ.

ಇಷ್ಟ ಹೇಳಿ ನಿಲ್ಲಿಸಿದ್ರ ನಿಮಗ ಅರ್ಧ ಮಾತು ಹೇಳಿದಂಗ ಆಕ್ಕೈತಿ. ನನಗ ಲೆಕ್ಕ ಬೇಕಾಗಿತ್ತು, ಮನಿಯವರ ಮುಂದ ಇಡಾಕ. ಹಂಗಾಗಿ ರಾತ್ರಿ ಹತ್ತಕ್ಕ ಎಷ್ಟು, ಮುಂಜಾನೆ ಆರಕ್ಕ ಎಷ್ಟು ಅಂತ ಕ್ಯಾಲೆಂಡರಿನ ಮ್ಯಾಲ ಬರದೆ. ಸ್ಕ್ಯಾನಿಂಗ್ ಚಾಲೂ ಇಟ್ಟು ಮೂರು ರಾತ್ರಿ: ಹನ್ನೊಂದು, ಹನ್ನೆರಡು, ಹನ್ನೊಂದು ಪರ್ಸೆಂಟ್ ಹೋತು. ಬಂದ್ ಮಾಡಿ ಮೂರು ರಾತ್ರಿ: ಒಂಬತ್ತು, ಒಂಬತ್ತು, ಎಂಟು. ಉಳದದ್ದು ಖರೇ, ಆದ್ರ ಎರಡು ಮೂರ ಪರ್ಸೆಂಟ್. ನನಗ ಸ್ವಲ್ಪ ನಿರಾಶಾನ ಆತು. ತಮ್ಮನ ಮಗಳು ನಕ್ಕಳು. 2017ರಾಗ ಬಂದ ಆಂಡ್ರಾಯ್ಡ್ 8ರಿಂದ ಇದಕ್ಕ ಲಗಾಮು ಹಾಕ್ಯಾರಂತ, ನಮ್ಮ ಕಣ್ಣಿಗೆ ಕಾಣದಂಗ ಹಿಂದ ನಡಿಯೂ ಆ್ಯಪು ಅರ್ಧ ತಾಸಿಗೆ ಒಮ್ಮೆ ಮಾತ್ರ ಸ್ಕ್ಯಾನ್ ಮಾಡಬಹುದಂತ. ಹಳೇ ಫೋನಿದ್ದವರಿಗೆ ಲಾಭ ಹೆಚ್ಚು, ಹೊಸಾದು ಇದ್ದವರಿಗೆ ಕಡಿಮಿ.

ಹಂಗಾರ ಆ ದಿನ ನಲವತ್ತು ಪರ್ಸೆಂಟ್ ಎಲ್ಲಿ ಹೋತು? ವಹಿ ಮೊದಲ ಹೇಳಿತ್ತಲ್ಲ, ಮೊಬೈಲ್ ನೆಟ್‌ವರ್ಕು. ಆ ದಪ್ಪ ಗ್ವಾಡಿ ಒಳಗ ಒಂದ ಗೀಟು ಸಿಗ್ನಲ್ ಇದ್ದಾಗ ಫೋನು ದೂರದ ಟವರಿಗೆ ಕೇಳಸಲಿ ಅಂತ ಜೋರಾಗಿ ಕೂಗ್ತೈತಿ, ಸಿಗ್ನಲ್ ತಪ್ಪಿದ್ರ ಮತ್ತ ಮತ್ತ ಟವರು ಹುಡುಕ್ತೈತಿ. ಕಿವಿ ಕೇಳದವರ ಹತ್ರ ದಿನಾ ಪೂರ್ತಿ ಮಾತಾಡಿದ್ರ ನಮ್ಮ ಗಂಟಲಾ ಏನಾಕ್ಕೈತಿ ಹೇಳ್ರಿ? ಹಂಗ. ಅದು ತಿಳದ ಮ್ಯಾಲ ಫೋನನ್ನ ನಡುಮನಿಯಿಂದ ತಗದು ಪಡಸಾಲಿ ಕಿಡಕ್ಯಾಗ ಇಟ್ಟೆ, ಗಂಟಿ ದೊಡ್ಡದು ಮಾಡಿ. ಅಲ್ಲಿ ಮೂರು ಗೀಟು ಬರ್ತಾವ. ಆ ರಾತ್ರಿ ನಾಲ್ಕ ಪರ್ಸೆಂಟ್ ಹೋತು! ಮನಿಯವರಿಗೆ ಕ್ಯಾಲೆಂಡರಿನ ಫೋಟೋ ಕಳಿಸಿದೆ. "ಆತು ಬಿಡವಾ, ತಪ್ಪಾತು" ಅಂತ ಬರದು ಕಳಿಸಿದ್ರು. ಅದನ್ನ ಇಟ್ಟಕೊಂಡೇನಿ, ಡಿಲೀಟ್ ಮಾಡಿಲ್ಲ.

ಆದ್ರ ಮನಶ್ಯಾಗ ಆಶಿ ಹೆಚ್ಚು. ಇಷ್ಟು ಉಳಿಸಿದೆ, ಇನ್ನೂ ಉಳಿಸೂಣ ಅಂತ ಮರುದಿನ ರಾತ್ರಿ ಮೊಬೈಲ್ ಡಾಟಾನೂ ಬಂದ್ ಮಾಡಿ ಮಲಗಿದೆ. ಕರೆ ಬರ್ತಾವ ಅನ್ನೂದು ಗೊತ್ತಿತ್ತು. ಪುಣಾದಾಗ ಇರೂ ನನ್ನ ಮಗಳು ಯಾವಾಗೂ ವಾಟ್ಸಾಪಿನ್ಯಾಗನ ಹಚ್ತಾಳ ಅನ್ನೂದು ಮರತೆ. ಅಕಿಗೆ ಆವತ್ತು ಅಜ್ಜಿ ಚಿಂತಿ ಹತ್ತಿ ಏಳು ಸಲ ಹಚ್ಯಾಳ, ಹತ್ತಿಲ್ಲ. ಮತ್ತ ಅಂಥಾದ್ದೇನೋ ಆಗೇತಿ ಅಂತ ಗಾಬರಿ ಆಗಿ ಬೆಳಗಿನ ಐದಕ್ಕ ಸೋದರಮಾವನಿಗೆ ಫೋನ್ ಮಾಡ್ಯಾಳ. ತಮ್ಮ ಬಂದು ನನ್ನ ಎಬ್ಬಿಸಿ, "ಅಕ್ಕಾ, ನಿನ್ನ ಮಗಳು ಅಳಾಕತ್ತಾಳ, ಮೊದಲ ಮಾತಾಡು" ಅಂದ. ಎರಡು ಪರ್ಸೆಂಟ್ ಉಳಸಾಕ ಹೋಗಿ ಒಂದು ಹುಡುಗಿ ರಾತ್ರಿ ನಿದ್ದಿ ಕೆಡಿಸಿದೆ.

ಆವತ್ತ ಒಂದು ತಿಳೀತು. ಏನ ಬಂದ್ ಮಾಡ್ಲಿ, ಅದರಿಂದ ಯಾರ ದನಿ ನಮಗ ಮುಟ್ಟೂದು ನಿಲ್ತೈತಿ ಅಂತ ಮೊದಲ ನೋಡಬೇಕು. ಸ್ಕ್ಯಾನಿಂಗ್ ಬಂದ್ ಮಾಡಿದ್ರ ಯಾರ ಫೋನೂ ತಪ್ಪೂದಿಲ್ಲ, ಅದು ಬಂದ್ ಇರಲಿ. ಡಾಟಾ ಬಂದ್ ಮಾಡಿದ್ರ ವಾಟ್ಸಾಪ್ ಕರೆ ತಪ್ತಾವ. ಏರೋಪ್ಲೇನ್ ಮೋಡ್ ಹಾಕಿದ್ರ ಎಲ್ಲಾನೂ ತಪ್ತೈತಿ. ಮನ್ಯಾಗ ಹಿರೇರು, ಬಸರಿ ಬಾಣಂತಿ ಇದ್ದವರು ರಾತ್ರಿ ಅದನ್ನ ಮುಟ್ಟಬ್ಯಾಡ್ರಿ.

ಇನ್ನೊಂದು ಸಣ್ಣ ತೊಂದರಿ ಹೇಳಿಬಿಡ್ತೇನಿ. ಧಾರವಾಡಕ್ಕ ವಾಪಸ್ ಬಂದ ದಿನ ಮಧ್ಯಾಹ್ನನ ನನ್ನ ಡಾಟಾ ಮುಗೀತು ಅಂತ ಮೆಸೇಜ್ ಬಂತು. ಮನ್ಯಾಗ ವೈಫೈ ಐತಲ್ಲ ಅಂತ ನೋಡಿದ್ರ ಅದು ಹತ್ತೇ ಇರಲಿಲ್ಲ. ಮನಿ ಹತ್ರ ಬಂದ ಕೂಡಲೇ ವೈಫೈ ತಾನ ಚಾಲೂ ಆಗೂದು ಈ ಸ್ಕ್ಯಾನಿಂಗ್ ಮ್ಯಾಲನ ನಿಂತೇತಿ. ಅದನ್ನ ಬಂದ್ ಮಾಡಿದ ಮ್ಯಾಲ ನಮ್ಮ ಕೈಲೆ ಚಾಲೂ ಮಾಡಬೇಕು. ನಾ ಈಗ ಚಪ್ಪಲಿ ಬಿಟ್ಟು ಒಳಗ ಬಂದ ಕೂಡಲೇ ಕೈಕಾಲು ತೊಳಕೊಂಡು ವೈಫೈ ಒತ್ತೂ ರೂಢಿ ಮಾಡಿಕೊಂಡೇನಿ. ಗೊತ್ತಿಲ್ಲದ ಊರಿಗೆ ಹೋದಾಗ, ದೊಡ್ಡ ಕಟ್ಟಡದ ಒಳಗ ದಾರಿ ನೋಡಬೇಕಾದಾಗ ಸ್ಕ್ಯಾನಿಂಗ್ ಮತ್ತ ಚಾಲೂ ಮಾಡ್ರಿ, ಇಲ್ಲಂದ್ರ ಮ್ಯಾಪಿನ ನೀಲಿ ಚುಕ್ಕಿ ಒಂದಿಷ್ಟು ಆ ಕಡೆ ಈ ಕಡೆ ಆಕ್ಕೈತಿ.

ನಮ್ಮ ನೆಗೆಣ್ಣಿ ಹತ್ರ ಐಫೋನ್ ಐತಿ. ಅಕಿಗೂ ಒಂದು ಮಾತು. ಪರದೆ ಮ್ಯಾಲಿಂದ ಜಗ್ಗಿ ಅಲ್ಲಿ ವೈಫೈ ಚಿತ್ರ ಒತ್ತಿದ್ರ ಅದು ಪೂರ್ತಿ ಬಂದ್ ಆಗೂದಿಲ್ಲ, ನಾಳೆತನಕ ಬಿಟ್ಟಿರ್ತೈತಿ ಅಷ್ಟ. ಪೂರ್ತಿ ಬಂದ್ ಆಗಬೇಕಂದ್ರ ಸೆಟ್ಟಿಂಗ್ಸ್ ಒಳಗ ಹೋಗಿನ ಬಂದ್ ಮಾಡಬೇಕು.

ಅವ್ವ ಈಗ ವಾಕರ್ ಹಿಡಕೊಂಡು ಪಡಸಾಲಿತನಕ ಬರ್ತಾಳ. ನಾ ಬರೂ ಮುಂದ ತಮ್ಮನ ಹೆಂಡ್ತಿ ಫೋನಿನ್ಯಾಗೂ ಸ್ಕ್ಯಾನಿಂಗ್ ಬಂದ್ ಮಾಡಿ, ಚಾರ್ಜರು ಕಿಡಕಿ ಹತ್ರ ಹಚ್ಚಿ ಬಂದೇನಿ. ದೀಪ ಹಚ್ಚೂ ಹೊತ್ತಿಗೆ ಫೋನು ಚಾರ್ಜಿಗೆ ಹಚ್ಚಬೇಕು, ಕರೆಂಟ ಇದ್ದಾಗನ ತುಂಬಿಸಿ ಇಡಬೇಕು, ಕೊಡಾ ತುಂಬಿಸಿ ಇಟ್ಟಂಗ, ಅಂತ ಅವ್ವನ ಮುಂದನ ಹೇಳಿ ಬಂದೆ. ಈಗ ದಿನಾ ಸಂಜಿಗೆ ಅವ್ವನ ಕೂಗಿ ನೆನಪು ಮಾಡ್ತಾಳಂತ, "ಏ ಯವ್ವಾ, ಫೋನಿಗೆ ಉಣ್ಣಾಕ ಹಾಕಿದ್ರೇನು?" ಅಂತ.

ನೀವೂ ಇವತ್ತ ರಾತ್ರಿ ಒಮ್ಮೆ ಬರದು ನೋಡ್ರಿ, ಹತ್ತಕ್ಕ ಎಷ್ಟು, ಆರಕ್ಕ ಎಷ್ಟು ಅಂತ. ನಿಮ್ಮದು ಎಷ್ಟು ಉಳೀತು ಅನ್ನೂದು ನನಗೂ ಹೇಳ್ರಿ. ಮುಂದಿನ ಸಲ ಖಂಡಿತ ಗುರೆಳ್ಳು ಹಿಂಡಿ ಬರೀತೇನಿ, ಬಾಜೂಮನಿ ವೈನಿಗೆ ಮಾತು ಕೊಟ್ಟೇನಿ.