ನಮ್ಮನಿಯವರ ಕುರು, ನಮ್ಮ ಅತ್ತಿಯವರ ಪಥ್ಯ

ಹ್ವಾದ ಮಾಘದಾಗ ಅಣ್ಣನ ಮಗನ ಮುಂಜವಿಗೆ ನಮ್ಮನಿಯವ್ರು ಯಾಕ ಬರ್ಲಿಲ್ಲಾ ಅಂತ ಅರ್ಧ ಬಳಗ ನನ್ನ ಕೇಳಿತ್ತು. ಆಫೀಸಿನ್ಯಾಗ ಆಡಿಟ್ ನಡದದ ಅಂತ ಎಲ್ಲಾರಿಗೂ ಒಂದ ಸುಳ್ಳ ಹೇಳಿದ್ದೆ. ಖರೇ ಏನಂದ್ರ ಅವರಿಗೆ ಕೂಡ್ಲಿಕ್ಕೇ ಬರ್ತಿದ್ದಿಲ್ಲಾ. ಪಂಕ್ತಿಯೊಳಗ ಮಣಿ ಮ್ಯಾಲೆ ಕೂತು ಊಟಾ ಮಾಡೋದಂತೂ ದೂರ ಉಳೀತು, ಕುರ್ಚಿ ಮ್ಯಾಲೂ ಒಂದ ಬದಿಗೆ ವಾಲಿ ಕೂಡ್ತಿದ್ರು. ಕುಂಡಿ ಮ್ಯಾಲೆ ಕುರು ಎದ್ದದ ಅಂತ ಬೀಗರ ಮುಂದ ಹೆಂಗ ಹೇಳ್ಲಿ, ನೀವ ಹೇಳ್ರಿ. ಈಗ ಅವರ "ಬರಿ, ಹೆಸರೊಂದು ಹಾಕಬ್ಯಾಡ" ಅಂದಾರ. ಅದಕ್ಕ ಬರೀಲಿಕ್ಕತ್ತೇನಿ.

ಶುರು ಆಗಿದ್ದು ಶ್ರಾವಣದಾಗ. ಇವ್ರು ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಬೈಕ್ ಮ್ಯಾಲೆ ಹೋಗಿ ಬರೋರು. ಜಿಟಿಜಿಟಿ ಮಳಿ, ಮ್ಯಾಲೆ ರೇನಕೋಟು, ಒಳಗ ಬೆವರು, ಹಸಿ ಪ್ಯಾಂಟು ಹಂಗ ಮೈಮ್ಯಾಲೆ ಆರೋದು. ಎಡ ತೊಡಿ ಮ್ಯಾಲೆ ಕಡ್ಲಿಕಾಳಷ್ಟು ಕೆಂಪಗ ಒಂದು ಎದ್ದಿತು. ನಾಕ ದಿನಕ್ಕ ಹಣ್ಣಾಗಿ ಒಡದು ಹೋತು. ಕುರು ಯಾರಿಗೆ ಆಗೂದಿಲ್ಲಾ, ಅಂತ ಬಿಟ್ವಿ. ಹದಿನೈದು ದಿನಕ್ಕ ಅದರ ಬಾಜೂಕ ಮತ್ತೊಂದು. ಅದು ಮಾಯೂದ್ರಾಗ ಬಗಲಾಗ ಒಂದು, ಕುತ್ತಿಗಿ ಹಿಂದ ಒಂದು. ನಾ ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕದ ಪಕ್ಕ ಒಂದೊಂದು ಕೆಂಪು ಚುಕ್ಕಿ ಇಡ್ಕೋತ ಹ್ವಾದೆ. ದೀಪಾವಳಿ ಹೊತ್ತಿಗೆ 9 ಚುಕ್ಕಿ ಆಗಿದ್ವು.

ನಮ್ಮ ಅತ್ತಿಯವರು ಮೊದಲನೇ ದಿನಾನ ತೀರ್ಪು ಕೊಟ್ಟಿದ್ರು, "ಇದು ಉಷ್ಣ." ಬದನಿಕಾಯಿ ಬಂದ್. ಶೇಂಗಾ ಬಂದ್. ಮಾವಿನ ಉಪ್ಪಿನಕಾಯಿ ಬಂದ್. ನಿಮಗ ಗೊತ್ತಿದ್ದದ್ದ ಅದ, ನಮ್ಮನಿಯವರಿಗೆ ಜೀವ ಅಂದ್ರ ಭಕ್ರಿ ಜೋಡಿ ಎಣ್ಣಿಗಾಯಿ. ಐದಾರು ತಿಂಗಳ ಮನ್ಯಾಗ ಬದನಿಕಾಯಿ ಕಾಲಿಡ್ಲಿಲ್ಲಾ. ಮ್ಯಾಲೆ ಮುಂಜಾನೆ ಕಾಮಕಸ್ತೂರಿ ಬೀಜದ ನೀರು, ರಾತ್ರಿ ಅಗಸಿ ಹಿಟ್ಟು ಕುದಿಸಿ ಬಟ್ಟಿಯೊಳಗ ಕಟ್ಟಿ ಬಿಸಿಬಿಸಿ ಇಡೋದು. ಇವ್ರು ಪಾಪ ತಾಯಿಗೆ ಎದುರ ಮಾತಾಡಂಗಿಲ್ಲಾ. ಹಿಟ್ಟಿನ ಗಂಟ ಇಟ್ಕೊಂಡು ಬೋರಲ ಮಲಗಿ ಮೊಬೈಲ್ ನೋಡ್ತಿದ್ರು.

ಅತ್ತಿಯವರನ್ನ ನಕ್ಕೋತ ನಾನೇನು ಶಾಣ್ಯಾತನ ಮಾಡಿದೆ ಕೇಳ್ರಿ. ಸೀದಾ ಔಷಧದ ಅಂಗಡಿಗೆ ಹೋಗಿ "ಕುರುವಿಗೆ ಏನರೆ ಕೊಡ್ರಿ" ಅಂದೆ. ಅಂವಾ ಏನೂ ಕೇಳದ ಒಂದು ಟ್ಯೂಬು, ಆರು ಗುಳಗಿ ಕೊಟ್ಟಾ. ಟ್ಯೂಬು ಹಚ್ಚಿದ ಕೂಡ್ಲೆ ಎರಡ ದಿನ ಕೆಂಪು ಕಡಿಮಿ ಆತು, ಮೂರನೇ ದಿನಕ್ಕ ಇದ್ದದ್ದಕ್ಕಿಂತ ದೊಡ್ಡದಾತು. ಅದರಾಗ ಸ್ಟೀರಾಯ್ಡ್ ಕೂಡಿಸಿದ್ರಂತ. ಅದು ಕೆಂಪು, ಕಡತ ಮುಚ್ಚಿ ಇಡ್ತದ, ಒಳಗ ಸೋಂಕು ಆರಾಮ ಬೆಳೀತದ. ಇದು ಆಮ್ಯಾಲೆ ಗೊತ್ತಾದ ಮಾತು. ಗುಳಗಿ ಆದ್ರೂ ಹಂಗ. ಮೂರು ಸಲ ತಂದೆ, ಮೂರು ಸಲಾನೂ ಬ್ಯಾರೆ ಬ್ಯಾರೆ, ನೋವು ಕಡಿಮಿ ಆದ ಕೂಡ್ಲೆ ಉಳಿದದ್ದು ಫ್ರಿಜ್ಜಿನ ಮ್ಯಾಲಿನ ಡಬ್ಬಿಗೆ. ಒಂದಿನ ಅಂತೂ ಬಗಲಾಗಿಂದು ಒಡೀಲಿಲ್ಲಾ ಅಂತ ಪಿನ್ನು ಸುಟ್ಟು ಚುಚ್ಚಿ ಎರಡೂ ಹೆಬ್ಬಟ್ಟಿಂದ ಹಿಚುಕಿದೆ. ಇವ್ರು ಒದರಿದ್ದು ಆಜೂಬಾಜೂ ಮನಿಗೆ ಕೇಳಿರಬೇಕು. ಹಿಚುಕಿದ್ದು ಅರ್ಧ ಹೊರಗ ಬಂತು, ಅರ್ಧ ಒಳಗ ಹೋತು. ವಾರದಾಗ ಅಲ್ಲೇ ಎರಡು ಎದ್ವು.

ಇಲ್ಲಿತನಕಾ ಹೇಳಿದ್ದು ತಿಳಿಗೇಡಿತನ. ಮುಂದಿಂದು ಹೇಳ್ಲಿಕ್ಕೆ ನಂಗ ಸ್ವಲ್ಪ ಸಂಕಟ ಅದ.

ಡಿಸೆಂಬರ್ ಹೊತ್ತಿಗೆ ನಂಗ ಬ್ಯಾಸರಾಗಿತ್ತು. ಚಾದರದ ಮ್ಯಾಲೆ ಕಲಿ, ಬನಿಯನ್ನಿನ ಮ್ಯಾಲೆ ಕಲಿ, ಹಾಸಿಗಿಗೆ ಒಂದು ವಾಸನಿ. ಮಗಳಿಗೆ ಹತ್ತೀತು ಅಂತ ಅಂಜಿಕಿ. ಇವರ ಟವೆಲ್ಲು ಬ್ಯಾರೆ ಮಾಡಿದೆ, ಅದು ಮಾಡಬೇಕಾದದ್ದ. ಆದ್ರ ಅಲ್ಲಿಗೆ ನಿಲ್ಲಲಿಲ್ಲಾ. ತಾಟು ಬ್ಯಾರೆ, ವಾಟಗಾ ಬ್ಯಾರೆ, ಹಾಸಿಗಿ ಪಡಸಾಲಿಯೊಳಗ. ನೀರಿನ ತಂಬಿಗಿ ಕೊಡಬೇಕಾದ್ರ ಕೈಗೆ ಕೊಡ್ತಿದ್ದಿಲ್ಲಾ, ಕೆಳಗ ಇಡ್ತಿದ್ದೆ. ನಮ್ಮ ಅಜ್ಜಿ ಕಾಲದಾಗ ಮೈಲಿಗಿ ಅಂತ ಹೆಂಗ ಮಾಡ್ತಿದ್ರೋ ಹಂಗ. ಇವ್ರು ಏನೂ ಅನ್ನಲಿಲ್ಲಾ. ಒಂದಿನ ತಂಗಿ ಫೋನ್ ಮಾಡಿದಾಗ ಅಡಿಗಿಮನ್ಯಾಗ ನಿಂತು ಹೇಳಿದೆ, "ಏನ ಹೇಳ್ಲೆವಾ, ಅವರ ಅರಬಿ ಒಗೀಬೇಕಾದ್ರ ಹೇಸಿಗಿ ಬರ್ತದ." ಹಿಂದ ತಿರುಗಿ ನೋಡ್ತೇನಿ, ಇವ್ರು ನೀರು ಕುಡೀಲಿಕ್ಕೆ ಬಂದವ್ರು ಬಾಗಲದಾಗ ನಿಂತಾರ.

ಮರುದಿನಾ ಮುಂಜಾನೆ 5 ಗಂಟೆಕ್ಕ ಬಚ್ಚಲದಾಗ ಸಪ್ಪಳ. ಕುಂಡಿ ಊರಿ ಕೂಡ್ಲಿಕ್ಕೆ ಬರ್ಲಾರದ ಮನಷಾ ಬಗ್ಗಿ ನಿಂತು ತಮ್ಮ ಅರಬಿ, ತಮ್ಮ ಚಾದರ ಒಗೀಲಿಕ್ಕತ್ತಿದ್ರು. ಇಪ್ಪತ್ತೊಂದು ವರ್ಷದ ಸಂಸಾರದಾಗ ಒಂದ ಕರ್ಚೀಫ್ ಒಗದವ್ರಲ್ಲಾ. "ನಾ ಒಗೀತೇನಿ ಬಿಡ್ರಿ" ಅಂದೆ. "ಇರ್ಲಿ, ನೀ ಚಹಾ ಇಡು" ಅಂದ್ರು. ಅಂದಿನಿಂದ ಹಂಗ ನಡೀತು, ಎರಡ ತಿಂಗಳ. ಎಲ್ಲೆ ಹೊಸದು ಎದ್ದದ ಅಂತ ನಂಗ ತೋರಸೋದೂ ಬಿಟ್ರು. ಕ್ಯಾಲೆಂಡರಿನ ಚುಕ್ಕಿ ನಿಂತ್ವು. ಕುರು ನಿಂತಿದ್ದಿಲ್ಲಾ.

ಮುಂಜವಿಗೆ ನಾನು, ಮಗಳು, ಅತ್ತಿಯವರು ಹೋಗಿ ಬಂದ್ವಿ. ರಾತ್ರಿ ಬಂದು ನೋಡಿದ್ರ ಇವ್ರು ಬೋರಲ ಬಿದ್ದಾರ, ಮೈ ಕೆಂಡ. ಜ್ವರ 102. ಬಲಗಡೆ ಕುಂಡಿ ಮ್ಯಾಲೆ ಗಟ್ಟಿಗೆ ಲಿಂಬಿಹಣ್ಣಿನಷ್ಟು, ಅದರ ಸುತ್ತ ಎರಡು ಅಂಗೈ ಅಗಲ ಕೆಂಪು, ಮುಟ್ಟಿದ್ರ ತವಿ ಮುಟ್ಟಿಧಂಗ. "ಯಾಕ ಹೇಳ್ಲಿಲ್ಲಾ?" ಅಂದ್ರ "ಮತ್ತ ನಿಂಗ ಹೇಸಿಗಿ ಆಗ್ತಿತ್ತು" ಅಂದ್ರು. ಸಿಟ್ಟಿಲೆ ಅಂದಿದ್ರ ನಾನೂ ಎರಡ ಮಾತ ಆಡ್ತಿದ್ದೆ. ಸಾದಾ ಅಂದ್ರು.

ಬೆಳಗಾಗೂದ್ರಾಗ ದವಾಖಾನಿಗೆ. ಡಾಕ್ಟ್ರ ಬಾಯಿ ಭಾಳ ಶಾಂತ ಹೆಣ್ಣಮಗಳು. ಮೊದಲ ಒಂದು ಪೆನ್ನ ತೊಗೊಂಡು ಕೆಂಪು ಎಲ್ಲಿತನಕಾ ಅದನೋ ಅದರ ಸುತ್ತ ಗೆರಿ ಹೊಡದ್ರು. "ಈ ಗೆರಿ ದಾಟಿ ಕೆಂಪು ಹೋದ್ರ, ಚಳಿ ಹತ್ತಿದ್ರ, ನಡರಾತ್ರಿ ಆದ್ರೂ ಬರ್ರಿ" ಅಂದ್ರು. ಅಲ್ಲೇ ಮರಗಟ್ಟೋ ಸೂಜಿ ಹಾಕಿ ಕೊಯ್ದು ಕೀವು ತಗದ್ರು. ಒಂದು ಕಡ್ಡಿಗೆ ಹತ್ತಿದ ಕೀವನ್ನ ಲ್ಯಾಬಿಗೆ ಕಳಸಿದ್ರು. ಇದನ್ನ ಅಕ್ಕಾಗೋಳು ನೆನಪಿಡ್ರಿ, ಕಲ್ಚರ್ ಟೆಸ್ಟ್ ಅಂತಾರ. ಯಾವ ಸೂಕ್ಷ್ಮಜೀವಿ, ಯಾವ ಔಷಧಕ್ಕ ಸಾಯ್ತದ, ಯಾವುದಕ್ಕ ಇಲ್ಲಾ ಅಂತ ಅದರಾಗ ಬರ್ತದ. ಮೂರ ದಿನ ಹಿಡೀತು. ಅಷ್ಟ ತಿಂಗಳ ನಾವು ಕಣ್ಣ ಕಟ್ಟಿಕೊಂಡು ಕಲ್ಲ ಒಗದಿದ್ವಿ. ಸಕ್ರಿನೂ ನೋಡಿದ್ರು, ಮೂರು ತಿಂಗಳ ಸರಾಸರಿ ಹೇಳೋ ಪರೀಕ್ಷೆ, 5.5 ಬಂತು. ಪದೇ ಪದೇ ಕುರು ಆದ್ರ ಮೊದಲ ಸಕ್ರಿ ನೋಡಬೇಕಂತ. ಅದರ ಕಾಟ ಇರ್ಲಿಲ್ಲಾ, ಪುಣ್ಯಾ.

ನಾ ಕ್ಯಾಲೆಂಡರ್ ಹಾಳಿ ಹರಕೊಂಡು ಹೋಗಿದ್ದೆ. ಡಾಕ್ಟ್ರು ಚುಕ್ಕಿ ಎಣಿಸಿ, "ಇದು ಛಲೋ ಮಾಡೀರಿ" ಅಂದ್ರು. ಡಿಸೆಂಬರ್ ಆದಮ್ಯಾಲೆ ಯಾಕ ಚುಕ್ಕಿ ಇಲ್ಲಾ ಅಂತ ಕೇಳಿದ್ರು. ನಾವಿಬ್ಬರೂ ಸುಮ್ಮನ ಕೂತ್ವಿ.

ರಿಪೋರ್ಟಿನ್ಯಾಗ ಬಂದದ್ದು ಸ್ಟೆಫೈಲೊಕಾಕಸ್ ಆರಿಯಸ್. ಅದರಾಗೂ ಎಮ್‌ಆರ್‌ಎಸ್‌ಎ ಅನ್ನೋ ಹಟಮಾರಿ ಜಾತಿ. ಔಷಧದ ಹೆಸರಿನ ಉದ್ದ ಪಟ್ಟಿ, ಪೆನ್ಸಿಲಿನ್ ಮುಂದ ಆರ್, ಅಂದ್ರ ನಡಿಯೂದಿಲ್ಲಾ. ಹಿಂಗ ನಾಕೈದು ಆರ್. ಕೆಳಗ ಕೆಲವಕ್ಕ ಎಸ್, ಅಂದ್ರ ನಡೀತದ. ನಾ ಅಂಗಡ್ಯಾಗ ತಂದ ಮೂರು ಜಾತಿ ಗುಳಗಿನೂ ಆರ್ ಕಡೇನ ಇದ್ವು. ಮಗಳು ಬಿ.ಎಸ್ಸಿ. ಓದ್ತಾಳ, ಮನಿಗೆ ಬಂದು ಕತಿ ಹೇಳಿದ್ಲು. 1928ರಾಗ ಫ್ಲೆಮಿಂಗ್ ಪೆನ್ಸಿಲಿನ್ ಕಂಡದ್ದು ಇದೇ ಜೀವಿ ಬೆಳಸಿದ ತಟ್ಟಿಯೊಳಗಂತ. ಮುಂದ ಇದು ಪೆನ್ಸಿಲಿನ್ನಿಗೆ ಬಗ್ಗದಂಗ ಆತು, ಅದಕ್ಕಂತ 1959ರಾಗ ಮೆಥಿಸಿಲಿನ್ ತಂದ್ರು, 1961ರ ಹೊತ್ತಿಗೆ ಅದಕ್ಕೂ ಬಗ್ಗದ ಜಾತಿ ಇಂಗ್ಲೆಂಡಿನ್ಯಾಗ ಸಿಕ್ಕಿತು. ಸೂಕ್ಷ್ಮದರ್ಶಕದಾಗ ನೋಡಿದ್ರ ದ್ರಾಕ್ಷಿ ಗೊಂಚಲಧಂಗ ಕಾಣಸ್ತದ, ಹೆಸರಿನ ಅರ್ಥಾನೂ ಅದ ಅಂದ್ಲು. ನಮ್ಮ ಅತ್ತಿಯವರು ಮೂಲ ವಿಜಾಪುರ ಕಡೆಯವ್ರು, ಮನ್ಯಾಗ ಒಣದ್ರಾಕ್ಷಿ ಡಬ್ಬಿ ಎಂದೂ ಖಾಲಿ ಇರಂಗಿಲ್ಲಾ. ಪೂರ್ತಿ ಕೇಳಿ, "ಹಂಗಾರ ದ್ರಾಕ್ಷಿನೂ ಬಂದ್ ಮಾಡೂಣು" ಅಂದ್ರು.

ಗಾಯದ ಡ್ರೆಸಿಂಗ್ ನಾನ ಮಾಡಿದೆ, 12 ದಿನಾ. ಕೀವು ಹ್ವಾದ ಜಾಗಾ ಸಣ್ಣ ಬಟ್ಟಲಧಂಗ ಆಳಕ್ಕ ಇತ್ತು. ಅದು ತಳದಿಂದ ತುಂಬ್ಕೋತ ಬರಬೇಕು, ಮ್ಯಾಲಿನ ಬಾಯಿ ಮೊದಲ ಮುಚ್ಚಬಾರದು. ಸಾಬಾಣ ಹಚ್ಚಿ ಕೈ ತೊಳ್ಕೊಂಡು, ಸಲೈನ್ ನೀರಿಲೆ ತೊಳದು, ಹೊಸಾ ಪಟ್ಟಿ ತುಂಬಿ, ಹಳೀದನ್ನ ಚೀಲದಾಗ ಗಂಟ ಕಟ್ಟಿ ಒಗದು ಮತ್ತ ಕೈ ತೊಳಕೋಳೋದು. ಮೊದಲನೇ ದಿನಾ ಮಾರಿ ಆ ಕಡೆ ಮಾಡಿ ಉಸರ ಬಿಗಿ ಹಿಡದಿದ್ದೆ. ಮೂರನೇ ದಿನಕ್ಕ ಬ್ಯಾಟರಿ ಹಿಡದು ಒಳಗ ಎಷ್ಟು ತುಂಬೇದ ಅಂತ ಬಗ್ಗಿ ನೋಡ್ತಿದ್ದೆ. "ಎಷ್ಟಾತು?" ಅಂತ ಇವ್ರು ದಿಂಬಿನ್ಯಾಗ ಮಾರಿ ಇಟ್ಕೊಂಡು ಕೇಳೋರು. "ಇವತ್ತ ಗುಂಡಗ ಅದ, ಹಸನ ಗುಲಾಬಿ ಬಣ್ಣ" ಅಂತ ಹೇಳ್ತಿದ್ದೆ. ಗುಳಗಿನೂ ಈ ಸಲ ಕಡೀತನಕಾ ಎಣಿಸಿ ನುಂಗಸಿದೆ.

ಗಾಯ ಮಾಯ್ತಾ ಬಂದಾಗ ಡಾಕ್ಟ್ರು ಅಂದ್ರು, ಇದು ತಿರುಗಿ ತಿರುಗಿ ಬರ್ಲಿಕ್ಕತ್ತದ ಅಂದ್ರ ಎಲ್ಲೋ ಮನಿ ಮಾಡ್ಕೊಂಡದ, ಮೂಗು ನೋಡೂಣು. 10 ಮಂದಿಯೊಳಗ ಸುಮಾರು 3 ಮಂದಿ ಮೂಗಿನ್ಯಾಗ ಸ್ಟೆಫ್ ಸುಮ್ಮನ ಕೂತಿರ್ತದಂತ, ಅವರಿಗೇನೂ ಆಗಿರೂದಿಲ್ಲಾ. ಇಬ್ಬರದೂ ಮೂಗಿನ್ಯಾಗ ಹತ್ತಿ ಕಡ್ಡಿ ತಿರುವಿ ಕಳಸಿದ್ರು.

ಇವರ ಮೂಗು ಸ್ವಚ್ಛ. ನನ್ನ ಮೂಗಿನ್ಯಾಗ ಅದ ಎಮ್‌ಆರ್‌ಎಸ್‌ಎ, ಅದ ಪಟ್ಟಿ, ಅವ ಆರ್, ಅವ ಎಸ್.

"ಯಾರಿಂದ ಯಾರಿಗೆ ಹತ್ತೇದ ಅಂತ ಹೇಳ್ಲಿಕ್ಕೆ ಬರೂದಿಲ್ಲಾ" ಅಂತ ಡಾಕ್ಟ್ರು ಎರಡ ಸಲ ಹೇಳಿದ್ರು, ನನ್ನ ಮಾರಿ ನೋಡಿ. ನಂಗೇನೂ ಕೇಳಸ್ತಿದ್ದಿಲ್ಲಾ. ಅವರ ತಾಟು ಬ್ಯಾರೆ ಇಟ್ಟಾಕಿ ನಾನು. ಅದ ಕೈಲೆ ದಿನಾ ಹತ್ತ ಸಲ ಮೂಗ ಒರಸ್ಕೊಂಡು, ಹಿಟ್ಟ ನಾದಿ, ಅವರ ಕುರು ಹಿಚುಕಿದಾಕೀನೂ ನಾನ.

ವಾಪಸ್ ಬರಬೇಕಾದ್ರ ಸಿಟಿ ಬಸ್ಸಿನ್ಯಾಗ ಸೀಟ್ ಖಾಲಿ ಇದ್ವು. ರೂಢಿ ಬಿದ್ದು ಇವ್ರು ನನ್ನ ಬಾಜೂಕ ನಿಂತ ಇದ್ರು. ನಾ ಕಿಡಕಿ ಕಡೆ ಮಾರಿ ಮಾಡಿ ಅಳ್ಲಿಕ್ಕತ್ತಿದ್ದೆ. ಜುಬಿಲಿ ಸರ್ಕಲ್ ಬಂದಾಗ ಬಗ್ಗಿ ಕಿವ್ಯಾಗ ಕೇಳಿದ್ರು, "ಇವತ್ತಿಂದ ತಾಟು ಯಾರದು ಬ್ಯಾರೆ ಇಡೋದು?" ನಗಬೇಕೋ ಅಳಬೇಕೋ ತಿಳೀಲಿಲ್ಲಾ. ಮೂಗ ಒರಸ್ಕೋಳ್ಳಿಕ್ಕೆ ಸೆರಗ ಎತ್ತಿದಾಕಿ ಹಂಗ ಕೈ ಬಿಟ್ಟೆ. ಅದನ್ನ ನೋಡಿ ಇವ್ರು ಖರೇನ ನಕ್ಕರು, ತಿಂಗಳಗಟ್ಟಲೆ ಆದ ಮ್ಯಾಲೆ. ಆಮ್ಯಾಲೆ ನಾನ ಅಂದೆ, "ಆವತ್ತ ಫೋನಿನ್ಯಾಗ ನಾ ಹಂಗ ಅನಬಾರದಿತ್ತು." ಅವ್ರು "ಹೂಂ" ಅಂದ್ರು. ಅಷ್ಟ. ನಾನೂ ಅದಕ್ಕಿಂತ ಹೆಚ್ಚ ಕೇಳಲಿಲ್ಲಾ.

ಆಮ್ಯಾಲೆ ಐದು ದಿನಾ ನಮ್ಮ ಮನಿ ಮದವಿ ಮನಿಧಂಗ ಇತ್ತು. ನಾಕೂ ಮಂದಿ ಒಂದ ಕಾಲಕ್ಕ ಮಾಡಬೇಕು, ಒಬ್ಬರು ಬಿಟ್ರೂ ಉಪಯೋಗಿಲ್ಲಾ ಅಂತ ಡಾಕ್ಟ್ರು ಹೇಳಿದ್ರು. ದಿನಕ್ಕ ಎರಡ ಸಲ ಮ್ಯುಪಿರೋಸಿನ್ ಮುಲಾಮು ಎರಡೂ ಮೂಗಿನ ಹೊಳ್ಳಿಯೊಳಗ, ಕ್ಲೋರ್‌ಹೆಕ್ಸಿಡೀನ್ ಹಚ್ಚಿ ಸ್ವಲ್ಪ ಹೊತ್ತ ಬಿಟ್ಟು ಜಳಕಾ, ಕಣ್ಣು ಕಿವಿಯೊಳಗ ಹೋಗದಂಗ. ದಿನಾ ಟವೆಲ್ಲು, ದಿಂಬಿನ ಗಲೀಪು, ಒಳಗಿನ ಅರಬಿ ಬದಲಿ. ಎಲ್ಲಾ ಬಿಸಿನೀರಾಗ ಅದ್ದಿ ಮಾಳಿಗಿ ಮ್ಯಾಲೆ ಬಿಸಲಿಗೆ. ಮನಿ ಮಂದಿಗೆಲ್ಲಾ ಒಂದ ಇದ್ದ ಉಗುರು ಕತ್ತರಿಸೋ ಕಟರ್ ಒಗದು ಒಬ್ಬೊಬ್ಬರಿಗೆ ಒಂದೊಂದು ತಂದೆ. ಬೈಕಿನ ಸೀಟೂ ಒರಿಸಿದ್ವಿ. ಅತ್ತಿಯವರು "ಮೂಗಿಗೆ ಮುಲಾಮು ಹಚ್ಚಿದ್ರ ಒಗ್ಗರಣಿ ವಾಸನಿ ಬರೂದಿಲ್ಲಾ, ಇಂಗು ಎಷ್ಟ ಹಾಕೀನೋ ಏನೋ" ಅಂತ ಐದೂ ದಿನಾ ಗೊಣಗಿದ್ರು. ಸಾರು ಖರೇನ ಇಂಗಮಯ ಇತ್ತು. ಅವರ ಅಗಸಿ ಗಂಟಿನ ಸಂಗ್ತಿ ನಾನ ಡಾಕ್ಟ್ರಿಗೆ ಕೇಳಿದ್ದೆ. "ಬಿಸಿ ಶಾಖಾ ಖರೇ, ಸಣ್ಣ ಕುರುವಿಗೆ ಅದ ಮೊದಲನೇ ಔಷಧ. ಹಿಟ್ಟು ಬ್ಯಾಡ, ಸ್ವಚ್ಛ ಬಟ್ಟಿ ಬಿಸಿನೀರಾಗ ಅದ್ದಿ ಹಿಂಡಿ ಇಡ್ರಿ, ಆ ಬಟ್ಟಿ ಮತ್ತ ಯಾರೂ ಮುಟ್ಟಬ್ಯಾಡ್ರಿ" ಅಂದಿದ್ರು. ಅರ್ಧ ಗೆದ್ದೆ ಅಂತ ಅತ್ತಿಯವರು ಇನ್ನೂ ಎಲ್ಲಾರ ಮುಂದ ಹೇಳ್ತಾರ. ಮಾರಿ ಮ್ಯಾಲೆ, ಮೂಗಿನ ಹತ್ರ, ತುಟಿ ಮ್ಯಾಲೆ ಎದ್ರ ಮಾತ್ರ ಶಾಖಾ ಪಾಖಾ ಅಂತ ಕೂಡಬ್ಯಾಡ್ರಿ, ಮುಟ್ಟದ ಸೀದಾ ದವಾಖಾನಿಗೆ ಹೋಗ್ರಿ.

ಯುಗಾದಿ ಆತು, ಬ್ಯಾಸಿಗಿ ಕಳೀತು. ಮೇ ತಿಂಗಳಾಗ ತೊಡಿ ಮ್ಯಾಲೆ ಸಣ್ಣದೊಂದು ಎದ್ದಿತ್ತು. ಇವ್ರು ತಾವ ಬಂದು ತೋರಿಸಿದ್ರು. ಬಿಸಿ ಬಟ್ಟಿ ಇಟ್ವಿ, ಮೂರ ದಿನಕ್ಕ ಇಂಗಿ ಹೋತು. ಕ್ಯಾಲೆಂಡರಿನ್ಯಾಗ ಚುಕ್ಕಿ ಇಟ್ಟೇನಿ, ಈ ವರ್ಷದ ಕ್ಯಾಲೆಂಡರಿನ್ಯಾಗ ಅದು ಒಂದ.

ಅರಬಿ ಒಗಿಯೂದು ಮಾತ್ರ ಇವ್ರು ಬಿಟ್ಟಿಲ್ಲಾ. ಐತವಾರ ಚಾದರ ಇಬ್ಬರೂ ಕೂಡಿ ಹಿಂಡ್ತೇವಿ, ಆ ತುದಿ ಅವ್ರು, ಈ ತುದಿ ನಾನು. ನಿನ್ನಿ ಸಂತಿಯಿಂದ ಅತ್ತಿಯವರು ತಾವ ಆರಿಸಿ ಅರ್ಧ ಕಿಲೋ ಎಳೇ ಬದನಿಕಾಯಿ ತಂದಾರ. ಎಂಟ ಅವ. ಎಣ್ಣಿಗಾಯಿಗೆ ಶೇಂಗಾ ಹುರೀಲಿಕ್ಕೆ ಇಟ್ಟು ಬಂದು ಇದನ್ನ ಬರೀಲಿಕ್ಕತ್ತೇನಿ, ಹತ್ತೋ ವಾಸನಿ ಬರ್ಲಿಕ್ಕತ್ತದ.